ಹೊಸ ಬೆಕ್ಕಿನ ಮರಿ ತಂದ್ರಾ? ಮೊದಲ 14 ದಿನ ಒಂದು ಬಾಗಿಲು ಹಾಕಿಡಿ

ಸಿಂಧನೂರಿನಿಂದ ಮಾತಾಡ್ತಾ ಇದ್ದೀನಿ.

ಹೋದ ವಾರ ಸಣ್ಣ ಅಂಗಡಿಗಳ ಜಿಎಸ್‌ಟಿ ಬಗ್ಗೆ ಮಾತಾಡಿದ್ವಿ. ಈ ವಾರ ಬೆಕ್ಕಿನ ನೆಗಡಿ. ನಗಬೇಡ್ರಿ. ಎರಡು ತಿಂಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ವಾಯ್ಸ್ ಮೆಸೇಜ್ ಬಂದಿದೆ. "ಹೊಸ ಮರಿ ತಂದು ನಾಲ್ಕೈದು ದಿನ ಆತು. ಮರಿ ಸೀನಾಕತ್ತೈತಿ. ಈಗ ಮನ್ಯಾಗಿನ ಹಳೇ ಬೆಕ್ಕೂ ಸೀನಾಕತ್ತೈತಿ. ಮನ್ಯಾಗ ಮರೀನ ಎಲ್ಲೆರ ಬಿಟ್ಟು ಬಾ ಅನ್ನಾಕತ್ಯಾರ. ಏನ್ ಮಾಡ್ಲಿ?" ಮಸ್ಕಿಯ ತಂಗಿಯೊಬ್ಬಳು ಇದನ್ನ ಹೇಳುವಾಗ ಅಳ್ತಾ ಇದ್ಲು.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಪಶುವೈದ್ಯ ಅಲ್ಲ. ಪಶುವೈದ್ಯರನ್ನ ಕೇಳಿ, ಕೂತು ಓದಿ, ಅರ್ಥ ಮಾಡಿಕೊಂಡಿದ್ದನ್ನ ನಿಮಗೆ ಹೇಳ್ತೀನಿ. ನಿಮ್ಮ ಬೆಕ್ಕಿಗೆ ಯಾವ ಔಷಧ, ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಬೇಕು.

ಬೆಕ್ಕು ಬರೋ ದಾರಿ

ನಮ್ಮ ಕಡೆ ಬೆಕ್ಕು ಸಾಕೋದು ಶೋಕಿಗೆ ಶುರುವಾಗಿದ್ದಲ್ಲ. ಸಿಂಧನೂರು ಅಂದ್ರೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಗದ್ದೆ, ರೈಸ್ ಮಿಲ್, ಗೋದಾಮು. ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಕಿರಾಣಿ ಅಂಗಡಿಯಲ್ಲೂ ಹಾಗೇ. ಈಗ ಅದರ ಜೊತೆಗೆ ರೀಲ್ಸ್ ನೋಡಿ ಮರಿ ತರೋ ನಮ್ಮ ವಯಸ್ಸಿನೋರು ಸೇರಿಕೊಂಡಿದ್ದೀವಿ.

ಮರಿ ಸಿಗೋದು ದುಡ್ಡಿಗಲ್ಲ. ಯಾರದೋ ಮನೆ ಅಟ್ಟದ ಮೇಲೆ ಬೆಕ್ಕು ಈದಿರುತ್ತೆ. "ಮರಿ ಬೇಕಾದವರು ಕಾಲ್ ಮಾಡಿ" ಅಂತ ವಾಟ್ಸಾಪ್ ಸ್ಟೇಟಸ್ ಬರುತ್ತೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿ ಮೇಲಿರೋ ಊರುಗಳು. ರಟ್ಟಿನ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ, ಮರಿ ಕೂಡಿಸಿ, ಬಸ್ ಹತ್ತಿದ್ರೆ ಆಯ್ತು. ಮನೆಗೆ ಬಂದ ತಕ್ಷಣ ಹಳೇ ಬೆಕ್ಕಿನ ಮುಂದೆ ಇಟ್ಟು, "ನೋಡು, ನಿನ್ನ ತಮ್ಮ ಬಂದ" ಅಂತ ವಿಡಿಯೊ ಮಾಡ್ತೀವಿ. ಇವತ್ತಿನ ಮಾತೆಲ್ಲ ಇರೋದು ಈ ವಿಡಿಯೊ ಮಾಡೋ ಕ್ಷಣದ ಬಗ್ಗೆ. ಅದನ್ನ 14 ದಿನ ಮುಂದಕ್ಕೆ ಹಾಕಿ ಅಂತ ಕೇಳ್ಕೊಳ್ತಾ ಇದ್ದೀನಿ. ಯಾಕೆ ಅಂತ ಹೇಳ್ತೀನಿ.

ಈ ನೆಗಡಿ ಏನು?

ಬೆಕ್ಕಿನ ನೆಗಡಿಗೆ ಇಂಗ್ಲಿಷಲ್ಲಿ ಕ್ಯಾಟ್ ಫ್ಲೂ ಅಂತಾರೆ. ಹೆಸರಲ್ಲಿ ಫ್ಲೂ ಇದ್ರೂ ಇದು ಮನುಷ್ಯರ ಫ್ಲೂ ಅಲ್ಲ. ಹೆಚ್ಚಿನ ಕೇಸುಗಳಿಗೆ ಕಾರಣ ಎರಡು ವೈರಸ್. ಒಂದು ಬೆಕ್ಕಿನ ಹರ್ಪಿಸ್ ವೈರಸ್, ಇನ್ನೊಂದು ಕ್ಯಾಲಿಸಿವೈರಸ್. ಇವುಗಳ ಜೊತೆಗೆ ಕ್ಲಮೈಡಿಯಾ, ಬೋರ್ಡೆಟೆಲ್ಲಾ, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗಳೂ ಸೇರಿಕೊಳ್ಳಬಹುದು.

ಹರ್ಪಿಸ್ ಬಂದ್ರೆ ಸೀನು, ಮೂಗಲ್ಲಿ ಸುಂಬಳ, ಕಣ್ಣು ಕೆಂಪಾಗಿ ಗೀಜು ಕಟ್ಟೋದು. ಕೆಲವು ಸಲ ಕಣ್ಣಿನ ಗುಡ್ಡೆ ಮೇಲೇ ಹುಣ್ಣಾಗುತ್ತೆ. ಕ್ಯಾಲಿಸಿ ಬಂದ್ರೆ ಸೀನಿನ ಜೊತೆ ನಾಲಿಗೆ ಮೇಲೆ, ಬಾಯಲ್ಲಿ ಹುಣ್ಣು, ಜೊಲ್ಲು. ಮರಿಗಳು ಕುಂಟೋದೂ ಉಂಟು. ಎರಡರಲ್ಲೂ ಜ್ವರ, ಊಟ ಬಿಡೋದು ಇರುತ್ತೆ. ಗಟ್ಟಿಮುಟ್ಟಾದ ದೊಡ್ಡ ಬೆಕ್ಕು ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಚೇತರಿಸಿಕೊಳ್ಳುತ್ತೆ. ಆದ್ರೆ ಎರಡು ತಿಂಗಳ ಮರಿಗೆ, ವಯಸ್ಸಾದ ಬೆಕ್ಕಿಗೆ ಇದೇ ನೆಗಡಿ ನ್ಯುಮೋನಿಯಾಗೆ ತಿರುಗಿ ಜೀವ ತೆಗೀಬಹುದು.

ಹರಡೋದು ಹೇಗೆ? ಸೀನಿದ ಹನಿ ನಾಲ್ಕೈದು ಅಡಿ ದೂರ ಹೋಗುತ್ತೆ. ಒಂದೇ ತಟ್ಟೆ, ಒಂದೇ ಹಾಸಿಗೆ, ಒಬ್ಬರನ್ನೊಬ್ಬರು ನೆಕ್ಕೋದು. ಆಮೇಲೆ ನಾವು. ಮರಿ ಮೂಗು ಒರೆಸಿದ ಕೈಯಲ್ಲೇ ಹಳೇ ಬೆಕ್ಕಿನ ತಲೆ ಸವರ್ತೀವಲ್ಲ, ಅದು. ಹರ್ಪಿಸ್ ವೈರಸ್ ಹೊರಗಡೆ ಹೆಚ್ಚಂದ್ರೆ ಒಂದು ದಿನ ಬದುಕುತ್ತೆ. ಕ್ಯಾಲಿಸಿ ಹಾಗಲ್ಲ. ತಟ್ಟೆ, ಬಟ್ಟೆ, ನೆಲದ ಮೇಲೆ ಒಂದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಉಳಿಯುತ್ತೆ.

ಸಮಾಧಾನದ ಮಾತೂ ಒಂದಿದೆ. ಈ ಎರಡು ವೈರಸ್ ಮನುಷ್ಯರಿಗೆ ಬರಲ್ಲ. ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಬೆಕ್ಕಿನ ನೆಗಡಿ ಅವರಿಗೆ ಅಂಟುತ್ತೆ ಅಂತ ಮರೀನ ಹೊರಗೆ ಹಾಕೋ ಅಗತ್ಯ ಇಲ್ಲ. ಆ ಬ್ಯಾಕ್ಟೀರಿಯಾಗಳು ಅಪರೂಪಕ್ಕೆ ಮನುಷ್ಯರಿಗೆ ಬರಬಹುದು. ಅದಕ್ಕೇ ಸೋಪು ಹಚ್ಚಿ ಕೈ ತೊಳೆಯೋ ಅಭ್ಯಾಸ ಇರಲಿ. ರೋಗನಿರೋಧಕ ಶಕ್ತಿ ಕಡಿಮೆ ಇರೋರು ಮನೇಲಿದ್ರೆ ಡಾಕ್ಟರನ್ನ ಕೇಳಿ.

ಬಂದ ನಾಲ್ಕನೇ ದಿನವೇ ಯಾಕೆ ಸೀನು?

"ತರುವಾಗ ಚೆನ್ನಾಗೇ ಇತ್ತು" ಅಂತ ಎಲ್ಲರೂ ಹೇಳ್ತಾರೆ. ಸುಳ್ಳಲ್ಲ. ವೈರಸ್ ಒಳಗೆ ಹೋಗಿ ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ 2ರಿಂದ 6 ದಿನ ಬೇಕು. ಕೆಲವೊಮ್ಮೆ 14 ದಿನದ ತನಕ ಹೋಗುತ್ತೆ. ಅಂದ್ರೆ ನೀವು ಕೈಗೆ ತಗೊಂಡ ದಿನ ಮರಿ ನೋಡೋಕೆ ಆರಾಮಾಗೇ ಇರುತ್ತೆ, ರೋಗ ಆಗಲೇ ಒಳಗೆ ಕೂತಿರುತ್ತೆ.

ಇನ್ನೊಂದು ಕಾರಣ ಮರಿಯ ವಯಸ್ಸು. ತಾಯಿಯ ಮೊದಲ ಹಾಲಿನಿಂದ ಮರಿಗೆ ರಕ್ಷಣೆ ಸಿಗುತ್ತೆ. ಆ ರಕ್ಷಣೆ ಒಂದೂವರೆ, ಎರಡು ತಿಂಗಳ ಹೊತ್ತಿಗೆ ಇಳೀತಾ ಬರುತ್ತೆ. ನಾವು ಮರಿ ತರೋದೂ ಸರಿಯಾಗಿ ಅದೇ ವಯಸ್ಸಿನಲ್ಲಿ. ತಾಯಿಯನ್ನ ಬಿಟ್ಟು, ಬಸ್ಸಿನ ಸದ್ದು ಕೇಳಿ, ಗೊತ್ತಿಲ್ಲದ ಮನೆಗೆ ಬಂದು, ಊಟ ಬದಲಾಗಿ ಅದರ ಮೈ ಸೋತಿರುತ್ತೆ. ರೋಗಕ್ಕೆ ಇದಕ್ಕಿಂತ ಒಳ್ಳೆ ಸಮಯ ಬೇಕಾ?

ಕ್ಯಾರಿ ಫಾರ್ವರ್ಡ್

ಈಗ ಹೇಳೋದನ್ನ ಗಮನ ಇಟ್ಟು ಕೇಳಿ. ನಾವು ರೋಗ ಯಾವಾಗಲೂ ಹೊಸ ಮರಿಯಿಂದಲೇ ಬಂತು ಅಂದ್ಕೊಳ್ತೀವಿ. ಎಷ್ಟೋ ಸಲ ಅದು ಮನೇಲೇ ಇರುತ್ತೆ.

ಕಾಮರ್ಸ್ ಓದಿದೋರಿಗೆ ಕ್ಯಾರಿ ಫಾರ್ವರ್ಡ್ ಗೊತ್ತು. ಈ ವರ್ಷದ ಪುಸ್ತಕ ಮುಚ್ಚಿದ್ರೂ ಬಾಕಿ ಮುಂದಿನ ವರ್ಷದ ಪುಸ್ತಕಕ್ಕೆ ಬಂದು ಕೂತಿರುತ್ತೆ. ಹರ್ಪಿಸ್ ವೈರಸ್ ಹಾಗೇ. ಚಿಕ್ಕದಿದ್ದಾಗ ನೆಗಡಿ ಬಂದು ವಾಸಿಯಾದ ಬೆಕ್ಕಿನ ಮೈಯಲ್ಲಿ, ನರದ ಬೇರಿನಲ್ಲಿ, ಅದು ಜೀವನಪೂರ್ತಿ ಮಲಗಿರುತ್ತೆ. ಬೆಕ್ಕು ಆರಾಮಾಗಿ ಓಡಾಡಿಕೊಂಡಿರುತ್ತೆ. ಯಾವಾಗಾದ್ರೂ ಬೆಕ್ಕಿಗೆ ಒತ್ತಡ ಆದ್ರೆ ವೈರಸ್ ಎದ್ದು ಮತ್ತೆ ಮೂಗು, ಕಣ್ಣಿಗೆ ಬರುತ್ತೆ. ಮನೆ ಬದಲಾವಣೆ, ಬೇರೆ ಕಾಯಿಲೆ, ಮರಿ ಹಾಕೋದು, ಎಲ್ಲಕ್ಕಿಂತ ಮುಖ್ಯವಾಗಿ ಮನೆಗೆ ಇನ್ನೊಂದು ಬೆಕ್ಕು ಬರೋದು, ಇವೇ ಆ ಒತ್ತಡ. ಒತ್ತಡ ಆದ ಸುಮಾರು ಒಂದು ವಾರಕ್ಕೆ ವೈರಸ್ ಹೊರಬೀಳೋಕೆ ಶುರು. ಅಲ್ಲಿಂದ ಒಂದೆರಡು ವಾರ ಹರಡುತ್ತೆ.

ಕ್ಯಾಲಿಸಿಯದ್ದು ಬೇರೆ ರೀತಿ. ಅದು ಮಲಗಲ್ಲ. ವಾಸಿಯಾದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಬೆಕ್ಕಿನ ಗಂಟಲಿನಿಂದ ಹೊರಗೆ ಬರ್ತಾನೇ ಇರುತ್ತೆ. ಕೆಲವು ಬೆಕ್ಕುಗಳಲ್ಲಿ ವರ್ಷಗಟ್ಟಲೆ.

ಹಾಗಾಗಿ ಹೊಸ ಮರಿಯಿಂದ ಹಳೇ ಬೆಕ್ಕಿಗೆ ಬರಬಹುದು. ಹಳೇ ಬೆಕ್ಕಿನಿಂದ ಹೊಸ ಮರಿಗೂ ಬರಬಹುದು. ಮನೆಯವರಿಗೆ ಕಾಣೋದು ಮಾತ್ರ ಒಂದೇ: ಮರಿ ಬಂತು, ಬೆಕ್ಕು ಸೀನಿತು.

ಲಿಂಗಸುಗೂರಿನ ಅಂಗಡಿ

ನಮ್ಮ ಚಿಗವ್ವ ಲಿಂಗಸುಗೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾಳೆ. ಕಾಕಾ ತೀರಿಕೊಂಡ ಮೇಲೆ ಅಂಗಡಿ ಅವಳದೇ. ಜೊತೆಗೆ ಮೂರು ಬೆಕ್ಕು. ದೊಡ್ಡದು ಕರಿಯ, ಒಂಬತ್ತು ವರ್ಷದ್ದು, ಅಕ್ಕಿ ಮೂಟೆ ಮೇಲೆ ಮಲಗೋ ಯಜಮಾನ. ಒಂದು ದಿನ ಬೆಳಿಗ್ಗೆ ಯಾರೋ ಶಟರ್ ಮುಂದೆ ಮರಿ ಬಿಟ್ಟು ಹೋಗಿದ್ರು. ಚಿಗವ್ವ ಒಳಗೆ ತಗೊಂಡ್ಲು. ಐದು ದಿನಕ್ಕೆ ಮರಿ ಸೀನಿತು. ಹತ್ತು ದಿನದ ಹೊತ್ತಿಗೆ ಎಲ್ಲವೂ ಸೀನ್ತಿದ್ವು. ಕರಿಯ ಊಟ ಬಿಟ್ಟ. ನಾಳೆ ನೋಡೋಣ, ನಾಳೆ ನೋಡೋಣ ಅಂತ ನಾಲ್ಕು ದಿನ ಹೋಯ್ತು. ಡಾಕ್ಟರ್ ಹತ್ತಿರ ಒಯ್ಯೋ ಹೊತ್ತಿಗೆ ಉಸಿರಿಗೆ ಒದ್ದಾಡ್ತಾ ಇತ್ತು. ಉಳೀಲಿಲ್ಲ.

ಅವತ್ತೇ ಸಂಜೆ ಪಕ್ಕದ ಮನೆಯವರು, "ಈ ಮರಿ ಕಾಲ್ಗುಣ ಸರಿ ಇಲ್ಲ" ಅಂತ ಅದನ್ನ ಚೀಲದಲ್ಲಿ ಹಾಕ್ಕೊಂಡು ಊರ ಹೊರಗೆ ಬಿಟ್ಟು ಬಂದ್ರು. ಚಿಗವ್ವ ಬ್ಯಾಡ ಅನ್ನೋ ಸ್ಥಿತಿಯಲ್ಲಿ ಇರಲಿಲ್ಲ.

ಆಮೇಲೆ ಡಾಕ್ಟರ್ ಜೊತೆ ಮಾತಾಡುವಾಗ ಅವರು ಒಂದೇ ಪ್ರಶ್ನೆ ಕೇಳಿದ್ರು. "ಕರಿಯನಿಗೆ ಮೊದಲು ಯಾವಾಗಾದ್ರೂ ಹೀಗೆ ಆಗಿತ್ತಾ?" ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು: "ಚಳಿಗಾಲಕ್ಕೊಮ್ಮೆ ಅದರ ಎಡಗಣ್ಣಾಗ ನೀರು ಸೋರ್ತಿತ್ತ್ರಿ. ಸಣ್ಣದಿದ್ದಾಗಿಂದ." ಅಂದ್ರೆ ಕರಿಯನ ಮೈಯಲ್ಲೇ ವೈರಸ್ ಮಲಗಿದ್ದಿರಬಹುದು. ಮರಿ ತಂದಿರಲೂಬಹುದು. ಯಾರಿಂದ ಯಾರಿಗೆ ಹೋಯ್ತು ಅಂತ ಈಗ ಯಾರೂ ಹೇಳೋಕಾಗಲ್ಲ. ಆದ್ರೆ ಶಿಕ್ಷೆ ಆಗಿದ್ದು ಮುಕ್ಕಾಲು ಕೆಜಿಯ ಮರಿಗೆ.

ಇನ್ನೊಂದು ಮಾತು. ಸೀನೋ ಮರೀನ ಮಾರ್ಕೆಟ್ ಹತ್ತಿರ, ಕಾಲುವೆ ದಂಡೆಯಲ್ಲಿ ಬಿಟ್ಟು ಬಂದ್ರೆ ರೋಗ ಹೋಗಲ್ಲ. ಅಲ್ಲಿನ ಬೆಕ್ಕುಗಳಿಗೆ ಹೋಗುತ್ತೆ. ನಿಮ್ಮ ಮನೆಯಲ್ಲಿ ಆಗಲೇ ಬಂದಿರೋ ವೈರಸ್ಸೂ ಇದರಿಂದ ಕಡಿಮೆ ಆಗಲ್ಲ. ಹಸಿವು, ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣೀನ ಬಿಟ್ಟುಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

14 ದಿನ ಹೇಗೆ ಇಡೋದು?

2020 ನೆನಪಿದೆಯಲ್ಲ. ಬೆಂಗಳೂರು, ಮುಂಬೈನಿಂದ ದುಡಿಯೋಕೆ ಹೋದೋರು ಊರಿಗೆ ಬಂದಾಗ ಶಾಲೆ, ಹಾಸ್ಟೆಲ್‌ಗಳಲ್ಲಿ 14 ದಿನ ಇದ್ದು ಆಮೇಲೆ ಮನೆಗೆ ಹೋಗಿದ್ರು. ಅವರಿಗೆ ರೋಗ ಇದೆ ಅಂತಲ್ಲ, ಇದೆಯೋ ಇಲ್ಲವೋ ಗೊತ್ತಾಗೋಕೆ ಅಷ್ಟು ದಿನ ಬೇಕು ಅಂತ. ಮರಿಗೂ ಅದೇ ಲೆಕ್ಕ.

"ನಮ್ಮದು ಎರಡು ಕೋಣೆ ಮನೆ, ಬೆಕ್ಕಿಗೆ ಬ್ಯಾರೆ ರೂಮ್ ಎಲ್ಲಿಂದ ತರ್ಲಿ?" ಅಂತ ನಮ್ಮ ಅವ್ವನೂ ಕೇಳಿದ್ಲು. ಸರಿಯಾದ ಪ್ರಶ್ನೆ. ಮಸ್ಕಿಯಿಂದ ನಮ್ಮ ತಂಗಿ ಮರಿ ತಂದಾಗ ನಾವು ಮಾಡಿದ್ದು ಇಷ್ಟು. ಹಿಂದಿನ ಸಾಮಾನಿನ ಕೋಣೆ, ಬಾಗಿಲು ಹಾಕಬಹುದಾದದ್ದು. ಅದರಲ್ಲಿ ಒಂದು ಬುಟ್ಟಿ, ಹಳೇ ಕೌದಿ, ನೀರಿನ ಬಟ್ಟಲು, ಊಟದ ತಟ್ಟೆ, ಅಗಲ ಟ್ರೇಯಲ್ಲಿ ಮರಳು. ಕೋಣೆ ಇಲ್ಲದವರು ಬಳಸದ ಬಚ್ಚಲು, ಮೆಟ್ಟಿಲ ಕೆಳಗಿನ ಜಾಗಕ್ಕೆ ಜಾಲರಿ ಬಾಗಿಲು, ದೊಡ್ಡ ಪಂಜರ ಯಾವುದಾದ್ರೂ ಬಳಸಬಹುದು. ಪಂಜರ ಆದ್ರೆ ಹಳೇ ಬೆಕ್ಕು ಓಡಾಡೋ ಜಾಗದಿಂದ ಕನಿಷ್ಠ ಆರು ಅಡಿ ದೂರ ಇರಲಿ, ಮಧ್ಯೆ ಒಂದು ಹಲಗೆ ಅಥವಾ ದಪ್ಪ ಬಟ್ಟೆಯ ಪರದೆ ಇರಲಿ.

ನಮ್ಮ ಜಿಲ್ಲೆಯ ಬಿಸಿಲು ಮರೀಬೇಡಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತೆ. ತಗಡಿನ ಶೆಡ್ಡಿನಲ್ಲಿ ಮರಿ ಕೂಡಿ ಹಾಕಿದ್ರೆ ವೈರಸ್ಸಿಗಿಂತ ಮೊದಲು ಬಿಸಿಲೇ ಕೊಲ್ಲುತ್ತೆ. ಗಾಳಿ ಆಡೋ ಜಾಗ ಬೇಕು.

ಈಗ ದಿನಚರಿ. ಮೊದಲು ಹಳೇ ಬೆಕ್ಕಿನ ಕೆಲಸ ಮುಗಿಸಿ: ಊಟ, ಮುದ್ದು, ಎಲ್ಲ. ಆಮೇಲೆ ಮರಿಯ ಕೋಣೆಗೆ. ಬಾಗಿಲ ಹತ್ತಿರ ಒಂದು ಹಳೇ ಅಂಗಿ ತೂಗು ಹಾಕಿ, ಒಳಗೆ ಹೋಗುವಾಗ ಹಾಕ್ಕೊಂಡು, ಬರುವಾಗ ಅಲ್ಲೇ ಬಿಚ್ಚಿಡಿ. ಬಂದ ಮೇಲೆ ಸೋಪಿನಿಂದ ಕೈ ತೊಳೀರಿ. ತಟ್ಟೆ, ಬಟ್ಟೆ, ಮರಳು ಬೇರೆ ಬೇರೆ. ಮನೆಯಲ್ಲಿ ಒಬ್ಬರೇ ಮರಿಯ ಜವಾಬ್ದಾರಿ ತಗೊಂಡ್ರೆ ಇನ್ನೂ ಒಳ್ಳೇದು.

ತಟ್ಟೆ, ನೆಲ ತೊಳೆಯೋಕೆ ಫಿನಾಯಿಲ್, ಡೆಟಾಲ್ ಬಳಸಬೇಡಿ. ಅವುಗಳಲ್ಲಿರೋ ರಾಸಾಯನಿಕ ಬೆಕ್ಕಿನ ಮೈಗೆ ವಿಷ. ಬೆಕ್ಕು ಕಾಲು ನೆಕ್ಕಿಕೊಂಡಾಗ ಹೊಟ್ಟೆಗೆ ಹೋಗುತ್ತೆ. 5 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್ ಇರೋ ಬ್ಲೀಚಿಂಗ್ ದ್ರಾವಣ ಸಿಕ್ಕರೆ ಒಂದು ಲೀಟರ್ ನೀರಿಗೆ 30 ಎಂಎಲ್ ಸಾಕು. ಮೊದಲು ಸೋಪಿನಿಂದ ತೊಳೆದು, ಇದನ್ನ 10 ನಿಮಿಷ ಬಿಟ್ಟು, ಚೆನ್ನಾಗಿ ನೀರು ಹಾಕಿ ತೊಳೆದು ಒಣಗಿಸಿ. ಕ್ಯಾಲಿಸಿ ವೈರಸ್ ಬರೀ ಸೋಪಿಗೆ ಸುಲಭಕ್ಕೆ ಸಾಯಲ್ಲ, ಇದಕ್ಕೆ ಸಾಯುತ್ತೆ. ಬ್ಲೀಚನ್ನ ಟಾಯ್ಲೆಟ್ ಕ್ಲೀನರ್ ಜೊತೆ ಮಾತ್ರ ಸೇರಿಸಬೇಡಿ, ವಿಷಗಾಳಿ ಏಳುತ್ತೆ.

14 ದಿನದಲ್ಲಿ ಮರಿಗೆ ಏನೂ ಆಗಲಿಲ್ಲ ಅಂದ್ರೆ ನಿಧಾನಕ್ಕೆ ಪರಿಚಯ ಮಾಡಿಸಿ. ಮೊದಲು ಮರಿ ಮಲಗಿದ್ದ ಬಟ್ಟೆಯ ವಾಸನೆ ಹಳೇ ಬೆಕ್ಕಿಗೆ, ಇದರದು ಅದಕ್ಕೆ. ಆಮೇಲೆ ಬಾಗಿಲ ಸಂದಿಯಿಂದ ನೋಡೋದು. ಆಮೇಲೆ ಒಂದೇ ಕೋಣೆಯಲ್ಲಿ ದೂರ ದೂರ ಊಟ. ಹೀಗೆ ಮಾಡೋದ್ರಿಂದ ಹಳೇ ಬೆಕ್ಕಿಗೆ ಒತ್ತಡ ಕಡಿಮೆ. ಒತ್ತಡ ಕಡಿಮೆ ಆದ್ರೆ ಮಲಗಿರೋ ವೈರಸ್ ಏಳೋ ಸಾಧ್ಯತೆಯೂ ಕಡಿಮೆ. ನಿಮ್ಮ ಹಳೇ ಬೆಕ್ಕಿಗೆ ಕರಿಯನ ಹಾಗೆ ಆಗಾಗ ಕಣ್ಣು, ಮೂಗು ಸೋರ್ತಿದ್ರೆ ಮೂರು ವಾರ ಕಾಯಿರಿ. ಆ ಬಾಗಿಲು ಮರೀನೂ ಕಾಯುತ್ತೆ. ಮಧ್ಯೆ ಮರಿ ಸೀನಿದ್ರೆ ಲೆಕ್ಕ ನಿಲ್ಲಿಸಿ, ಪೂರ್ತಿ ವಾಸಿಯಾದ ಮೇಲೂ ಒಂದೆರಡು ವಾರ ಬೇರೆ ಇಡಿ.

ಆಗಲೇ ಸೀನ್ತಾ ಇದ್ರೆ

ಬೆಕ್ಕು ವಾಸನೆ ನೋಡಿ ಊಟ ಮಾಡೋ ಪ್ರಾಣಿ. ಮೂಗು ಕಟ್ಟಿದ್ರೆ ತಟ್ಟೆಯಲ್ಲಿ ಏನಿದೆ ಅಂತಲೇ ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಊಟ ಬಿಡೋದು. ಹತ್ತಿಯನ್ನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಮೂಗು, ಕಣ್ಣು ಒರೆಸಿ. ಎರಡು ಕಣ್ಣಿಗೆ ಎರಡು ಹತ್ತಿ. ಬೇಯಿಸಿದ ಕೋಳಿ, ಮೀನನ್ನ ಉಪ್ಪು, ಈರುಳ್ಳಿ ಇಲ್ಲದೆ, ಸ್ವಲ್ಪ ಬಿಸಿ ಮಾಡಿ ಕೊಡಿ. ಬಿಸಿಗೆ ವಾಸನೆ ಏಳುತ್ತೆ. ಬಿಸಿನೀರು ಸ್ನಾನ ಮಾಡಿದ ಮೇಲೆ ಬಚ್ಚಲಲ್ಲಿ ಹಬೆ ಇರುತ್ತಲ್ಲ, ಅಲ್ಲಿ ಬೆಕ್ಕನ್ನ ತೊಡೆ ಮೇಲೆ ಕೂರಿಸಿಕೊಂಡು 10 ನಿಮಿಷ ಕೂತ್ರೆ ಮೂಗು ಸಡಿಲ ಆಗುತ್ತೆ. ಕುದಿಯೋ ನೀರಿನ ಪಾತ್ರೆ ಮುಂದೆ ಹಿಡೀಬೇಡಿ.

ಏನು ಮಾಡಬಾರದು ಅನ್ನೋದು ಇದಕ್ಕಿಂತ ಮುಖ್ಯ. ಮನೇಲಿರೋ ಪ್ಯಾರಾಸಿಟಮಾಲ್, ಡೋಲೋ, ಮಕ್ಕಳ ಜ್ವರದ ಸಿರಪ್, ಯಾವುದನ್ನೂ ಬೆಕ್ಕಿಗೆ ಹಾಕಬೇಡಿ. ಆ ಔಷಧವನ್ನ ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. 500 ಎಂಜಿಯ ಒಂದೇ ಮಾತ್ರೆ ಬೆಕ್ಕನ್ನ ಕೊಲ್ಲಬಹುದು. "ಕಾಲು ಮಾತ್ರೆ ಹಾಕಿದೆ ಅಷ್ಟೇ" ಅಂದ್ರೂ ಅಪಾಯವೇ. ಯಾರಾದ್ರೂ ಆಗಲೇ ಕೊಟ್ಟಿದ್ರೆ ಕಾಯಬೇಡಿ, ಡಾಕ್ಟರ್ ಹತ್ತಿರ ಓಡಿ. ಅದಕ್ಕೆ ಪ್ರತಿಔಷಧ ಇದೆ, ಬೇಗ ಕೊಟ್ರೆ ಮಾತ್ರ ಕೆಲಸ ಮಾಡುತ್ತೆ.

ಎದೆಗೆ ಹಚ್ಚೋ ಕರ್ಪೂರದ ಮುಲಾಮು, ನೀಲಗಿರಿ ಎಣ್ಣೆ ಬೇಡ. ಬೆಳ್ಳುಳ್ಳಿ ರಸ ಬೇಡ, ಈರುಳ್ಳಿ ಬೆಳ್ಳುಳ್ಳಿ ಎರಡೂ ಬೆಕ್ಕಿನ ರಕ್ತದ ಕಣ ಒಡೆಯುತ್ತವೆ. ಕೂಸಿಗೆ ಹಾಕಿದ ಹಾಗೆ ಲೋಬಾನದ ಹೊಗೆ ಹಾಕೋಣ ಅಂತ ನಮ್ಮ ಅವ್ವ ಕೆಂಡ ತಂದಿದ್ಲು. ಮೊದಲೇ ಉಸಿರಾಟಕ್ಕೆ ತೊಂದರೆ ಇರೋ ಮರಿಗೆ ಹೊಗೆ ಇನ್ನಷ್ಟು ಕಷ್ಟ. ಊದುಬತ್ತಿ, ಸೊಳ್ಳೆ ಬತ್ತಿಯೂ ಆ ಕೋಣೆಯಲ್ಲಿ ಬೇಡ. ಮೆಡಿಕಲ್ ಶಾಪಿನಿಂದ ಕಣ್ಣಿನ ಡ್ರಾಪ್ಸ್ ತಂದು ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ರೆ ಹರ್ಪಿಸ್ ಹುಣ್ಣು ಹೆಚ್ಚಾಗಿ ಕಣ್ಣೇ ಹೋಗಬಹುದು.

ಡಾಕ್ಟರ್ ಹತ್ತಿರ ಯಾವಾಗ? ಮರಿ ಒಂದು ದಿನ ಊಟ ಬಿಟ್ರೆ ಅದೇ ದಿನ. ಬಾಯಿ ತೆರೆದು ಉಸಿರಾಡಿದ್ರೆ ಆ ಕ್ಷಣವೇ. ಕಣ್ಣು ಬಿಡದಿದ್ರೆ, ವಸಡು ಬಿಳಿಚಿದ್ರೆ ಅಥವಾ ನೀಲಿಗಟ್ಟಿದ್ರೆ, ಸುಂಬಳ ಹಳದಿ, ಹಸಿರು ಆದ್ರೆ ತಡ ಮಾಡಬೇಡಿ. ದೊಡ್ಡ ಬೆಕ್ಕೂ ಎರಡು ಮೂರು ದಿನ ಪೂರ್ತಿ ಉಪವಾಸ ಇದ್ರೆ ಲಿವರ್ ಕೆಡೋಕೆ ಶುರುವಾಗುತ್ತೆ. ಕೈಯಲ್ಲಿ ಮೊಬೈಲ್ ಇದೆಯಲ್ಲ, ಬೆಕ್ಕು ಮಲಗಿದ್ದಾಗ ಒಂದು ನಿಮಿಷ ವಿಡಿಯೊ ಮಾಡಿ, ಹೊಟ್ಟೆ ಏರಿ ಇಳಿಯೋದನ್ನ ಎಣಿಸಿ. 15ರಿಂದ 30 ಇದ್ರೆ ಸರಿ. 40 ದಾಟಿದ್ರೆ ಆ ವಿಡಿಯೊ ಡಾಕ್ಟರಿಗೆ ತೋರಿಸಿ. ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಎತ್ತು, ಎಮ್ಮೆಗೆ ಮಾತ್ರ ಅಂತ ಹಿಂಜರೀಬೇಡಿ. ಪಶುಸಂಗೋಪನೆ ಇಲಾಖೆಯ 1962 ಸಹಾಯವಾಣಿಗೂ ಕರೆ ಮಾಡಿ ಕೇಳಬಹುದು.

ಲಸಿಕೆ ಮತ್ತು ಎಫ್‌ಪಿವಿ ಭಯ

2025ರ ಆರಂಭದಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಎಫ್‌ಪಿವಿ ವೈರಸ್ಸಿಗೆ ಬೆಕ್ಕುಗಳು ಸಾಯ್ತಾ ಇವೆ ಅಂತ ಸುದ್ದಿ ಬಂದಿತ್ತು. ಅದಾದ ಮೇಲೆ ಯಾವ ಬೆಕ್ಕು ಸೀನಿದ್ರೂ "ಎಫ್‌ಪಿವಿ ಬಂತು" ಅನ್ನೋರು ಹೆಚ್ಚಾದ್ರು. ಎರಡೂ ಬೇರೆ. ಎಫ್‌ಪಿವಿ ಹೊಟ್ಟೆಗೆ, ರಕ್ತಕ್ಕೆ ಬರೋ ರೋಗ: ಜ್ವರ, ವಾಂತಿ, ಭೇದಿ, ಪೂರ್ತಿ ನಿತ್ರಾಣ. ಮರಿಗಳಲ್ಲಿ ಬಹಳಷ್ಟು ಸಾಯ್ತವೆ. ಅದರ ವೈರಸ್ ನೆಲದಲ್ಲಿ ಒಂದು ವರ್ಷದ ತನಕ ಉಳೀಬಹುದು. ವಾಂತಿ, ಭೇದಿ ಕಂಡ್ರೆ ಒಂದು ಗಂಟೆಯೂ ಕಾಯಬೇಡಿ. ಅದೂ ಮನುಷ್ಯರಿಗೆ ಬರಲ್ಲ.

ಈ ಮೂರಕ್ಕೂ, ಅಂದ್ರೆ ಹರ್ಪಿಸ್, ಕ್ಯಾಲಿಸಿ, ಎಫ್‌ಪಿವಿಗೆ, ಒಂದೇ ಲಸಿಕೆ ಇದೆ. 6ರಿಂದ 8 ವಾರದ ವಯಸ್ಸಿಗೆ ಮೊದಲ ಡೋಸ್, 3–4 ವಾರಕ್ಕೊಮ್ಮೆ ಮತ್ತೆ, ಕನಿಷ್ಠ 16 ವಾರ ತುಂಬೋ ತನಕ. ಆಮೇಲೆ ಬೂಸ್ಟರ್ ಯಾವಾಗ ಅಂತ ಡಾಕ್ಟರ್ ಹೇಳ್ತಾರೆ. ಜೊತೆಗೆ ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಒಂದು ವಿಷಯ ತಿಳ್ಕೊಳ್ಳಿ: ನೆಗಡಿ ವೈರಸ್‌ಗಳಿಗೆ ಈ ಲಸಿಕೆ ರೋಗ ಬರೋದನ್ನೇ ಪೂರ್ತಿ ತಡೆಯಲ್ಲ, ಬಂದ್ರೆ ಜೀವಕ್ಕೆ ಬರದ ಹಾಗೆ ನೋಡ್ಕೊಳ್ಳುತ್ತೆ. ಆಗಲೇ ಒಳಗೆ ಮಲಗಿರೋ ವೈರಸ್ಸನ್ನೂ ಅದು ತೆಗೆಯಲ್ಲ. ಹಾಗಾಗಿ ಲಸಿಕೆ ಹಾಕ್ಸಿದ್ದೀವಿ ಅಂತ 14 ದಿನ ಬಿಡೋ ಹಾಗಿಲ್ಲ. ಮರಿ ತರೋ ಎರಡು ವಾರ ಮೊದಲೇ ಹಳೇ ಬೆಕ್ಕಿನ ಲಸಿಕೆ ಬಾಕಿ ಇದ್ರೆ ಹಾಕಿಸಿಬಿಡಿ.

ಕೊನೇದಾಗಿ ಹಸಿ ಕೋಳಿ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲಿ ಹಕ್ಕಿ ಜ್ವರದ ಎಚ್5ಎನ್1 ವೈರಸ್ ಪತ್ತೆಯಾಯ್ತು. ಇದು ಕ್ಯಾಟ್ ಫ್ಲೂ ಹಾಗಲ್ಲ, ಮನುಷ್ಯರಿಗೂ ಅಪಾಯ ಇರೋದು. ಚಿಕನ್ ಅಂಗಡಿಯ ಹಸಿ ತ್ಯಾಜ್ಯ ತಂದು ಬೆಕ್ಕಿಗೆ ಹಾಕಬೇಡಿ, ಬೇಯಿಸಿ ಹಾಕಿ. ಸತ್ತ ಹಕ್ಕಿ ತಿಂದ ಬೆಕ್ಕಿಗೆ ಉಸಿರಾಟದ ತೊಂದರೆ ಬಂದ್ರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಮೆಸೇಜ್ ಮಾಡಿದ ಮೂವರಿಗೂ ನನ್ನ ಉತ್ತರ ಒಂದೇ. ಮರೀನ ಬಿಟ್ಟು ಬರಬೇಡಿ. ಇವತ್ತೇ ಎರಡನ್ನೂ ಬೇರೆ ಬೇರೆ ಇಡಿ, ಎರಡನ್ನೂ ಡಾಕ್ಟರಿಗೆ ತೋರಿಸಿ, ಊಟ ಮಾಡಿಸಿ. ಮನೆಯವರು ಮರಿಯ ಕಾಲ್ಗುಣದ ಮಾತು ತೆಗೆದ್ರೆ, ಹಳೇ ಬೆಕ್ಕಿಗೆ ಮೊದಲು ಯಾವಾಗಾದ್ರೂ ಕಣ್ಣಲ್ಲಿ ನೀರು ಬರ್ತಿತ್ತಾ ಅಂತ ಕೇಳಿ ನೋಡಿ. ನಮ್ಮ ಚಿಗವ್ವ ಕೂಡ ಈ ಎಪಿಸೋಡ್ ಮೊದಲು ಕೇಳಿ, "ಇದನ್ನ ಹಾಕು, ಮಂದಿಗೆ ಗೊತ್ತಾಗ್ಲಿ" ಅಂದ್ಲು.

ಮುಂದಿನ ವಾರ ಊರಲ್ಲಿ ಪಿಜಿ, ರೂಮ್ ಬಾಡಿಗೆಗೆ ಕೊಡುವಾಗ ಮಾಡೋ ಅಗ್ರಿಮೆಂಟ್ ಬಗ್ಗೆ ಮಾತಾಡೋಣ. ನಿಮ್ಮ ಊರಲ್ಲಿ ಬೆಕ್ಕಿಗೆ ಲಸಿಕೆ ಎಲ್ಲಿ ಸಿಗುತ್ತೆ, ಯಾವ ದಿನ ಹಾಕ್ತಾರೆ ಅಂತ ಗೊತ್ತಿದ್ರೆ ವಾಯ್ಸ್ ಮೆಸೇಜ್ ಕಳಿಸಿ, ಎಲ್ಲರಿಗೂ ಹೇಳ್ತೀನಿ.